ಕೆಂಪಿಲ್ಲದ ಚಿತ್ರ

ಹೆಂಡತಿ ಎತ್ತುವ ಯಂತ್ರದ ಹಿಡಿಕೆ ತಿರುಗಿಸುತ್ತಿದ್ದಳು, ಅಕ್ಕ ಜೋಲಿಯಲ್ಲಿ ಕೂತು ಹಾಸಿಗೆಯಿಂದ ಗೇಣು ಗೇಣಾಗಿ ಮೇಲೇಳುತ್ತಿದ್ದಳು, ಅವನು ಬಾಗಿಲ ಬಳಿ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದ್ದ. ದಾರ ಕಟ್ಟಿ ಆಗಿತ್ತು. ಬಗ್ಗಿದರೆ ಕಂಬದ ಬುಡ ಕಾಣುತ್ತದೆ. ನೆಲಕ್ಕೆ ನಾಲ್ಕು ಬೋಲ್ಟಿನಲ್ಲಿ ಕೂರಿಸಿದ ಕಬ್ಬಿಣದ ತಗಡು, ಅದರ ಮೇಲೆ ಚೌಕ ಕೊಳವೆಯ ಕಂಬ, ಎರಡೂ ಕೂಡುವಲ್ಲಿ ಬೆಸುಗೆಯ ಗೆರೆ, ಗೆರೆಯ ಮೇಲೆ ಬಿಳಿ ಬಣ್ಣ. ಬಣ್ಣ ಬಿರುಕು ಬಿಟ್ಟಿರಲಿಲ್ಲ. ನಿನ್ನೆಯೂ ಬಿಟ್ಟಿರಲಿಲ್ಲ. ಅಕ್ಕನ ಭಾರವೆಲ್ಲ ಯಂತ್ರದ ತೋಳಿಗೆ ಬಂದ ಗಳಿಗೆಯಲ್ಲಿ ತಗಡಿನ ಒಂದು ಅಂಚು ನೆಲದಿಂದ ಕೂದಲೆಳೆಯಷ್ಟು ಏಳುತ್ತದೆ, ಏಳುವುದಿಲ್ಲ, ಅದು ಕಿಟಕಿಯ ಬೆಳಕಿನ ಆಟ ಎಂದುಕೊಂಡು ಅವನು ಸೊಂಟ ನೆಟ್ಟಗೆ ಮಾಡಿದ. “ಹೊರಡೋ, ಆ ಬೂಟು ಇವತ್ತು ನಿನ್ನನ್ನ ಬಿಡೋ ಹಾಗೆ ಕಾಣಲ್ಲ,” ಎಂದಳು ಅಕ್ಕ ಗಾಳಿಯಲ್ಲಿ ತೂಗಾಡುತ್ತಲೇ. ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿ ನಾಲ್ಕು ವರ್ಷವಾಗಿದ್ದರೂ ಅವಳ ನಾಲಿಗೆಗೆ ಏನೂ ಆಗಿರಲಿಲ್ಲ. ಅವನು ಅವಳ ಮುಖ ನೋಡದೆ ನಕ್ಕ. ತೋಳು ತಿರುಗಿತು, ಅಕ್ಕ ಗಾಲಿಕುರ್ಚಿಗೆ ಇಳಿದಳು, ಅವನ ಎದೆಯೊಳಗೂ ಏನೋ ಇಳಿದು ತನ್ನ ಜಾಗದಲ್ಲಿ ಕೂತಿತು. ದಿನಕ್ಕೆ ನಾಲ್ಕು ಸಲ ಹೀಗೆ. ಅದರಲ್ಲಿ ಒಂದು ಸಲ ಮಾತ್ರ ಅವನ ಕಣ್ಣೆದುರಿಗೆ.

ಆ ಯಂತ್ರದ ಲೆಕ್ಕ ಅವನದೇ. ಅಕ್ಕನಿಗೆ ಕಂಪನಿಯವರು ಮೊದಲ ಕಂತಿನಲ್ಲೇ ಒಂದನ್ನು ಕಳಿಸಿಕೊಟ್ಟಿದ್ದರು, ಸಿಬ್ಬಂದಿಯ ಮನೆಗೆ ಎಂದು, ಪೆಟ್ಟಿಗೆಯ ಮೇಲೆ ರಿಬ್ಬನ್ ಸುತ್ತಿ. ಹೆಂಡತಿ ನೆರೆಹೊರೆಯವರಿಗೆಲ್ಲ ಹೇಳಿದ್ದಳು, “ಇವರೇ ಮಾಡಿದ್ದು.” ಮಾಡಿದ್ದು ನಾನಲ್ಲ, ಮುರಿಯೋದಿಲ್ಲ ಅಂತ ಹೇಳಿದ್ದು ನಾನು, ಎಂದು ತಿದ್ದಲು ಬಾಯಿ ತೆರೆದು ಸುಮ್ಮನಾಗಿದ್ದ. ಬಸ್ಸಿನಲ್ಲಿ ಕೂತು ಇವತ್ತಿನ ಭಾಷಣದ ಹಾಳೆಗಳನ್ನು ತೆಗೆದಾಗ ಅದೇಕೋ ಆ ರಿಬ್ಬನ್ನೇ ಕಣ್ಣ ಮುಂದೆ ಬಂತು. ಬೇರೆ ಬೇರೆ ಕಾರ್ಖಾನೆಗಳ ಇಪ್ಪತ್ತು ಮೂವತ್ತು ಎಂಜಿನಿಯರುಗಳು ಬರುತ್ತಾರೆ, ಅವರಿಗೆ ನಾಲ್ಕು ಉಪಯೋಗದ ಮಾತು ಹೇಳಬೇಕು: ವಸ್ತುವೊಂದನ್ನು ಸಾವಿರಾರು ಪುಟ್ಟ ತುಂಡುಗಳ ಜಾಲವಾಗಿ ಒಡೆದು, ಭಾರ ಬಿದ್ದರೆ ಎಲ್ಲಿ ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಬಣ್ಣಗಳಲ್ಲಿ ತೋರಿಸುವ ಆ ಸಾಫ್ಟ್‌ವೇರನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು. ಆ ಜಾಲಕ್ಕೆ ಮೆಶ್ ಎನ್ನುತ್ತಾರಾದ್ದರಿಂದ ಕಚೇರಿಯಲ್ಲಿ ಅವನ ಹೆಸರು ಮೆಶ್ ಮೇಷ್ಟ್ರು. ಯಾರೋ ತಮಾಷೆಗೆ ಇಟ್ಟದ್ದು, ಬರಬರುತ್ತಾ ಗೌರವದಂತಾಗಿತ್ತು. ಹಾಳೆಯಲ್ಲಿ ಅವನದೇ ದುಂಡು ಅಕ್ಷರ. ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಉತ್ತರ ಸುಮಾರಾಗಿ ಎಷ್ಟು ಬರಬೇಕು ಎಂದು ಗೊತ್ತಿಲ್ಲದವನಿಗೆ ಬಂದ ಉತ್ತರ ತಪ್ಪೆಂದು ಗೊತ್ತಾಗುವುದಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಾಗಲೇ ತಾನು ಇದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೇನೆಂದು ಅವನಿಗೆ ತಿಳಿದದ್ದು. ಹಾಳೆ ಮಡಿಸಿದ.

ಸಭಾಂಗಣದಲ್ಲಿ ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಮಾತಾಡುವಾಗ ಅವನು ಬೇರೆಯೇ ಮನುಷ್ಯ, ಭುಜ ಅಗಲವಾಗುತ್ತಿತ್ತು. “ಮೊದಲು ಬಣ್ಣ ನೋಡಬೇಡಿ, ಬಾಗಿದ ಆಕಾರ ನೋಡಿ. ಬಾಗಬೇಕಾದ ಕಡೆಗೆ ಬಾಗಿದೆಯಾ? ಬಾಗಿಲು ಗೋಡೆಯೊಳಗೆ ನುಗ್ಗಿದೆ ಅಂದ್ರೆ ಬಣ್ಣ ಎಷ್ಟು ಚಂದ ಇದ್ದರೂ ಪ್ರಯೋಜನ ಇಲ್ಲ.” ನಕ್ಕರು. “ಮೇಲಿಂದ ಸಾವಿರ ಕೊಟ್ಟಿದ್ರೆ ಕೆಳಗೆ ಆಧಾರದಲ್ಲಿ ಸಾವಿರ ಸಿಗಬೇಕು. ಒಂಬೈನೂರು ಸಿಕ್ಕಿದ್ರೆ ಉಳಿದ ನೂರು ಎಲ್ಲಿ ಹೋಯ್ತು ಅಂತ ಹುಡುಕಿ, ಕಾಫಿಗೆ ಹೋಗಬೇಡಿ.” ಮತ್ತೆ ನಕ್ಕರು. ಕೆಲವರು ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವವರ ಬಗ್ಗಿದ ತಲೆಗಳನ್ನು ನೋಡುವುದು ಅವನಿಗೆ ಇಷ್ಟವಾಗುತ್ತಿತ್ತು, ಆ ಇಷ್ಟದ ಬಗ್ಗೆ ಸ್ವಲ್ಪ ನಾಚಿಕೆಯೂ ಇತ್ತು. “ಎಲ್ಲಕ್ಕಿಂತ ಹೆಚ್ಚು ಸುಳ್ಳು ನಡೆಯೋದು ಆಧಾರದಲ್ಲಿ. ನಾವು ಒಂದು ಬಟನ್ ಒತ್ತಿ ‘ಇದು ಅಲುಗಾಡದು’ ಅಂತೀವಿ. ಲೋಕದಲ್ಲಿ ಅಲುಗಾಡದೇ ಇರೋದು ಯಾವುದಿದೆ?” ಈ ವಾಕ್ಯವನ್ನು ಅವನು ಎಷ್ಟೋ ಸಲ ಹೇಳಿದ್ದ, ಪ್ರತಿ ಸಲವೂ ಅದರ ನಂತರ ಕ್ಷಣಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ ಪರದೆಯ ಮೇಲೆ ಚಿತ್ರ ಹಾಕಿದ. ರೋಗಿಗಳನ್ನು ಎತ್ತುವ ಯಂತ್ರ. ಕಂಬ, ತೋಳು, ತೋಳಿನ ತುದಿಯಲ್ಲಿ ಭಾರ ಸೂಚಿಸುವ ಬಾಣ. ಮೊದಲ ಚಿತ್ರದಲ್ಲಿ ಕಂಬದ ಬುಡ ಕಡುಗೆಂಪು. ಎರಡನೆಯದರಲ್ಲಿ ಕೆಂಪಿಲ್ಲ, ಎಲ್ಲ ಹಸಿರು ಹಳದಿ.

“ಬುಡದಲ್ಲಿ ಕಾಣೋ ಈ ಕೆಂಪು ನಿಜವಲ್ಲ,” ಎಂದ. “ಮೆಶ್ ಸಣ್ಣದು ಮಾಡಿದಷ್ಟೂ ಈ ಮೂಲೆಯ ಅಂಕಿ ಏರ್ತಾನೇ ಹೋಗುತ್ತೆ, ಕೊನೆಯೇ ಇಲ್ಲ. ಅಂಥದ್ದು ಕಬ್ಬಿಣದಲ್ಲಿ ಇರೋದಿಲ್ಲ, ನಮ್ಮ ಲೆಕ್ಕದಲ್ಲಿ ಮಾತ್ರ ಇರುತ್ತೆ. ಇದನ್ನ ನೋಡಿ ಹೆದರಬಾರದು.” ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಕೈಯೆತ್ತಿದಳು. ಐವತ್ತೈದು ದಾಟಿದವಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು, ಪರಿಚಯ ಮಾಡಿಕೊಳ್ಳುವಾಗ ಬಾಯ್ಲರ್ ತಪಾಸಣೆ ತನ್ನ ಕೆಲಸ ಎಂದಿದ್ದಳು. “ಅಂಕಿ ಸುಳ್ಳು, ಒಪ್ಕೊಂಡೆ,” ಎಂದಳು. “ಆದ್ರೆ ಅಲ್ಲಿ ಬೆಸುಗೆ ಇದೆಯಲ್ಲ ಸರ್. ಬೆಸುಗೆ ಸುಳ್ಳಲ್ಲವಲ್ಲ?” ಯಾರೋ ಹಿಂದೆ ಕಿಸಕ್ಕೆಂದರು. “ಖಂಡಿತ,” ಎಂದ ಅವನು, “ಅದಕ್ಕೆ ಬೇರೆ ಲೆಕ್ಕ ಹಾಕಬೇಕು, ಕೈಯಲ್ಲಿ.” “ಎಷ್ಟು ಬಂತು?” ಹೆಂಗಸಿನ ದನಿಯಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳುವ ಆಸೆ, ಪೆನ್ನು ಹಾಳೆಯ ಮೇಲೆ ಸಿದ್ಧವಾಗಿತ್ತು. ಅವನು ಪರದೆಯ ಕಡೆ ತಿರುಗಿದ. ಹಸಿರು ಹಳದಿ ಚಿತ್ರದ ಪಕ್ಕದಲ್ಲಿದ್ದ ಬಣ್ಣದ ಪಟ್ಟಿ, ಯಾವ ಬಣ್ಣ ಎಷ್ಟು ಅಂಕಿ ಎಂದು ಹೇಳುವ ಆ ಪಟ್ಟಿಯ ಮೇಲಿನ ಸಂಖ್ಯೆ, ಮೊದಲ ಚಿತ್ರದ್ದಲ್ಲ. ಕೆಂಪು ಮೂಡದಂತೆ ಅದನ್ನು ಎತ್ತರಿಸಿದ್ದು ಅವನ ಬೆರಳು. ಮೂರು ವರ್ಷದ ಹಿಂದೆ ಮ್ಯಾನೇಜರ್ ಅವನ ಭುಜದ ಹಿಂದೆ ನಿಂತು, ಬಾಯಲ್ಲಿ ಏಲಕ್ಕಿಯ ವಾಸನೆ, “ಈ ಚಿತ್ರ ಆಸ್ಪತ್ರೆಯವರಿಗೆ ಹೋಗುತ್ತೆ, ಬುಡದಲ್ಲಿ ಆ ಕೆಂಪು ಇದ್ರೆ ನೂರೆಂಟು ಕೇಳ್ತಾರೆ,” ಎಂದಿದ್ದರು. ಅದು ನಿಜವಾದ ಕೆಂಪಲ್ಲ ಸರ್. ಹಾಗಾದ್ರೆ ತೆಗೀರಿ. ಅಷ್ಟೇ. ತೆಗೆಯುವುದಕ್ಕೆ ಎರಡು ನಿಮಿಷ ಹಿಡಿದಿರಲಿಲ್ಲ. ಬೆಸುಗೆಯ ಲೆಕ್ಕ ನಾಳೆ ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದ. ನಾಳೆ ಬೇರೆ ಕೆಲಸ ಬಂತು. ನಾಡಿದ್ದು ವರದಿ ಹೋಯಿತು, ಕೆಳಗೆ ಅವನ ರುಜು. ಮರಳಿನ ಚೀಲ ನೇತುಹಾಕಿ ಒಂದು ದಿನ ಪರೀಕ್ಷೆಯನ್ನೂ ಮಾಡಿದ್ದರು, ನಿಂತಿತ್ತು. ಒಂದು ದಿನ ನಿಂತಿತ್ತು.

“ನೋಡಿ ಹೇಳ್ತೀನಿ,” ಎಂದ. ಹೆಂಗಸು ತಲೆಯಾಡಿಸಿ ಪೆನ್ನಿನ ಮುಚ್ಚಳ ಹಾಕಿದಳು. ಆ ಟಿಕ್ ಎಂಬ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು ಎಂದು ಅವನಿಗನ್ನಿಸಿತು. ಚಹಾ ವಿರಾಮ ಎಂದು ಕೂಗಿ ಕಾರಿಡಾರಿಗೆ ಬಂದ. ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಈಗ ಸ್ನಾನ ಮುಗಿದಿರುತ್ತದೆ, ಈಗ ಹೆಂಡತಿ ಅಕ್ಕನನ್ನು ಕುರ್ಚಿಯಿಂದ ಹಾಸಿಗೆಗೆ ಎತ್ತುತ್ತಾಳೆ. ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಕಾರಿಡಾರಿನ ಕೊನೆಯಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ಇಬ್ಬರು ಅವನತ್ತ ನೋಡುತ್ತಿದ್ದರು, ಅವನು ಅವರಿಗೆ ಮುಗುಳ್ನಕ್ಕ, ನಗುತ್ತಲೇ ಮೂರನೇ ಸಲ ಮಾಡಿದ. ನಾಲ್ಕನೇ ಸಲಕ್ಕೆ ಎತ್ತಿದಳು.

“ಏನಾಯ್ತು? ಯಾಕೆ ಹೀಗೆ ಬಡ್ಕೊಳ್ತಿದೀರಿ?”

“ಅಕ್ಕನ್ನ ಎತ್ತಬೇಡ.”

“ಎತ್ತಾಗಿದೆ. ಮೇಲಿದಾರೆ. ನಿಮ್ಮ ಫೋನಿಗೇ ಅರ್ಧಕ್ಕೆ ನಿಲ್ಲಿಸಿದ್ದು.”

“ಇಳಿಸು. ನಿಧಾನ. ಅಲುಗಾಡಿಸಬೇಡ.”

“ಎಲ್ಲಿಗೆ ಇಳಿಸಲಿ? ಕುರ್ಚಿ ಆ ಕಡೆ ತಳ್ಳಿದೀನಿ, ಹಾಸಿಗೆ ಈ ಕಡೆ ಇದೆ. ಕೆಳಗೆ ಬರೀ ನೆಲ.”

“ನೆಲಕ್ಕೇ ಇಳಿಸು.”

ಫೋನಿನೊಳಗೆ ಅಕ್ಕನ ದನಿ ದೂರದಿಂದ ಕೇಳಿತು, “ಏನಂತೆ ಅವನಿಗೆ?” ಆಮೇಲೆ ಹಿಡಿಕೆಯ ಕಿರ್ರ್ ಕಿರ್ರ್. ಅವನು ಎಣಿಸಿದ. ಇಳಿಯಲು ಮೂವತ್ತು ಸುತ್ತು ಬೇಕು ಎಂದು ಅವನಿಗೆ ಗೊತ್ತಿತ್ತು. ಹದಿನೆಂಟರ ಹತ್ತಿರ ಸದ್ದು ನಿಂತಿತು, ಅವನು ಫೋನನ್ನು ಕಿವಿಗೆ ಒತ್ತಿಕೊಂಡ, ಮತ್ತೆ ಶುರುವಾಯಿತು. ಅವಳು ಕೈ ಬದಲಾಯಿಸಿದ್ದಳು, ಅಷ್ಟೇ. ಉಳಿದ ಭಾಷಣವನ್ನು ಬೇರೆಯವರಿಗೆ ಒಪ್ಪಿಸಿ, ಮನೆಯಲ್ಲಿ ಹುಷಾರಿಲ್ಲ ಎಂದು ಹೇಳಿ ಹೊರಟ. ಅದು ಸುಳ್ಳೋ ನಿಜವೋ ಎಂದು ಮೆಟ್ಟಿಲಿಳಿಯುವಾಗ ಯೋಚಿಸಿದ. ಆಟೋದವನು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಹಾಡು ಗುನುಗುತ್ತಿದ್ದ, ಅದನ್ನು ನಿಲ್ಲಿಸು ಎನ್ನಲು ಇವನಿಗೆ ಯಾವ ಹಕ್ಕೂ ಇರಲಿಲ್ಲ. ಅಕ್ಕ ತೂಗುವುದು ಅರವತ್ತೆರಡು ಕಿಲೋ. ಯಂತ್ರ ತಡೆಯಬೇಕಾದ್ದು ನೂರಿಪ್ಪತ್ತು. ಅಂದರೆ ಅಕ್ಕನಿಗೇನೂ ಆಗುವುದಿಲ್ಲ, ಅಂದರೆ ಆಗುವುದಾದರೆ ಬೇರೆಯವರಿಗೆ, ಎಂಬ ಯೋಚನೆ ಸಮಾಧಾನದ ರೂಪದಲ್ಲಿ ಬಂದು ಕೂತು, ಕೂತ ಮೇಲೆ ತನ್ನ ನಿಜವಾದ ಮುಖ ತೋರಿಸಿತು.

ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಮಹಡಿ ಮನೆಯ ಬಸ್ ಡ್ರೈವರ್, ಬನಿಯನ್ನಿನಲ್ಲೇ, ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವನನ್ನು ಹೆಂಡತಿ ಎಬ್ಬಿಸಿ ಕರೆತಂದಿದ್ದಳು. “ನಾವಿಬ್ರೂ ಸೇರಿ ಹಾಸಿಗೆಗೆ ಹಾಕಿದ್ವಿ, ಏನೂ ತೊಂದ್ರೆ ಇಲ್ಲ ಬಿಡಿ,” ಎಂದು ಇವನ ಭುಜ ತಟ್ಟಿದ, ಇವನೇ ಬಿದ್ದವನೋ ಎಂಬಂತೆ. ಒಳಗೆ ಅಕ್ಕ ಒದ್ದೆ ಕೂದಲಲ್ಲಿ ದಿಂಬಿಗೊರಗಿದ್ದಳು. ಎತ್ತುವಾಗ ಮಂಚದ ಅಂಚಿಗೆ ತಾಗಿ ಮೊಣಕೈ ತರಚಿತ್ತು, ಹೆಂಡತಿ ಹತ್ತಿಯಲ್ಲಿ ಒತ್ತುತ್ತಿದ್ದಳು, ಇವನತ್ತ ತಿರುಗಲಿಲ್ಲ. “ಅರ್ಧ ಗಂಟೆ ಒದ್ದೆ ಮೈಯಲ್ಲಿ ನೆಲದ ಮೇಲಿದ್ರು,” ಎಂದಳು ಹತ್ತಿಗೆ ಹೇಳುವಂತೆ. ಅವನು ಮಂಡಿಯೂರಿದ. ಜೇಬಿನ ಚಾಕುವಿನಿಂದ ಕಂಬದ ಬುಡದ ಬಣ್ಣ ಕೆರೆದ. ಬಣ್ಣದಡಿಯಲ್ಲಿ ಮೂರು ಕಡೆ ಬೆಸುಗೆ ಇತ್ತು. ಗೋಡೆಯ ಕಡೆಗಿನ ನಾಲ್ಕನೆಯ ಬದಿಯಲ್ಲಿ ಇರಲೇ ಇಲ್ಲ, ಬರೀ ಬಣ್ಣವೇ ಗೆರೆಯ ಹಾಗೆ ಕೂತಿತ್ತು. ಅವನ ಚಿತ್ರದಲ್ಲಿ ಕಂಬವೂ ತಗಡೂ ನೆಲವೂ ಒಂದೇ ಕಲ್ಲಿನಲ್ಲಿ ಕಡೆದ ಹಾಗಿದ್ದವು. ಭಾಷಣದ ಹಾಳೆಯನ್ನೇ ಮಗುಚಿ ನೆಲದ ಮೇಲೆ ಇಟ್ಟು ಲೆಕ್ಕ ಹಾಕಿದ. ಹತ್ತು ನಿಮಿಷ ಸಾಕಾಯಿತು. ಮೂರು ವರ್ಷ ಸಿಗದ ಹತ್ತು ನಿಮಿಷ. ಎರಡೂವರೆ ಪಟ್ಟು ಗಟ್ಟಿ ಎಂದು ರುಜು ಹಾಕಿದ್ದು, ತುಂಬು ಭಾರಕ್ಕೆ ಒಂದೂಕಾಲು ಪಟ್ಟಿಗೆ ಬಂದು ನಿಂತಿತು. ಅದೂ ಮೊದಲ ದಿನದ ಮಾತು. ದಿನಕ್ಕೆ ನಾಲ್ಕು ಸಲದಂತೆ ಸಾವಿರಾರು ಸಲ ಬಾಗಿ ನೆಟ್ಟಗಾದ ಬೆಸುಗೆಯ ಮಾತಲ್ಲ.

“ಏನು ಬರೀತಿದೀಯ ಅಲ್ಲಿ, ಸ್ಕೂಲು ಹುಡುಗನ ಹಾಗೆ?” ಅಕ್ಕ ಕೇಳಿದಳು.

“ನಾನು ಸರಿಯಾಗಿ ನೋಡಿರಲಿಲ್ಲ ಅಕ್ಕ. ಇದನ್ನ. ನೋಡಿದೀನಿ ಅಂತ ಬರೆದುಕೊಟ್ಟೆ.”

ಹೆಂಡತಿಯ ಕೈ ನಿಂತಿತು. ಅಕ್ಕ ಬೈಯಲಿ ಎಂದು ಅವನು ಕಾದ, ಬೈದರೆ ಸುಲಭವಿತ್ತು. “ದಿನಾ ಬೆಳಿಗ್ಗೆ ನನ್ನನ್ನ ಎತ್ತೋವಾಗ ನೀನು ತಲೆ ಬಗ್ಗಿಸ್ತಿದ್ದೆಯಲ್ಲ,” ಎಂದಳು ಕೊನೆಗೆ. “ನಾನು ಏನಂದ್ಕೊಂಡಿದ್ದೆ ಗೊತ್ತಾ? ನಾನು ಹೀಗೆ ನೇತಾಡೋದು ನಿನಗೆ ನೋಡಕ್ಕಾಗಲ್ಲ ಅಂತ. ಅಯ್ಯೋ ಪಾಪ, ಇವನಿಗೆ ಎಷ್ಟು ಸಂಕಟ ಅಂತ. ಅದಕ್ಕೇ ಆ ಹೊತ್ತಲ್ಲಿ ಏನಾದ್ರೂ ತಮಾಷೆ ಮಾಡ್ತಿದ್ದೆ ಕಣೋ, ನಿನಗೆ ಹಗುರ ಆಗಲಿ ಅಂತ.” ಅವಳು ಗೋಡೆಯ ಕಡೆ ಹೊರಳಲು ನೋಡಿದಳು. ಸೊಂಟ ತಿರುಗದಿದ್ದ ಕಾರಣ ಅರ್ಧ ಮಾತ್ರ ತಿರುಗಲು ಆಯಿತು. “ನೀನು ನೋಡ್ತಿದ್ದದ್ದು ಕಬ್ಬಿಣ.”

ಅವನು ಅಲ್ಲಿಂದ ಎದ್ದು ಅಡುಗೆಮನೆಗೆ ಹೋಗಿ, ನಿಂತುಕೊಂಡೇ, ಸಿಂಕಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ಪತ್ರ ಬರೆದ. ಮೊದಲು ‘ವರದಿಯಲ್ಲಿ ಕೆಲವು ಅಂಶಗಳು ಗಮನಕ್ಕೆ ಬಾರದೆ ಹೋಗಿವೆ’ ಎಂದು ಬರೆದ. ಅದನ್ನು ಓದಿದ. ಗಮನಕ್ಕೆ ಬಾರದೆ ಹೋಗಿವೆ, ತಾವಾಗಿಯೇ ಎಲ್ಲೋ ನಡೆದು ಹೋದ ಹಾಗೆ. ಅಳಿಸಿ, ‘ಬೆಸುಗೆಯ ಲೆಕ್ಕವನ್ನು ನಾನು ಮಾಡಲಿಲ್ಲ, ಚಿತ್ರದ ಬಣ್ಣದ ಪಟ್ಟಿಯನ್ನು ಬದಲಾಯಿಸಿ ಬುಡದ ಕೆಂಪನ್ನು ಮರೆಮಾಚಿದೆ, ಈ ಯಂತ್ರಗಳ ಬಳಕೆಯನ್ನು ಇವತ್ತೇ ನಿಲ್ಲಿಸಬೇಕು’ ಎಂದು ಬರೆದ. ಮ್ಯಾನೇಜರಿಗೆ, ಅವರ ಮೇಲಿನವರಿಗೆ, ಆಸ್ಪತ್ರೆಯ ವಿಳಾಸಕ್ಕೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ನಿಂತಾಗ ತಲೆಯಲ್ಲಿ ಓಡಿದ್ದು ಸಾವು ನೋವಿನ ಯೋಚನೆಯಲ್ಲ, ಮೆಶ್ ಮೇಷ್ಟ್ರು ಎಂದು ಇನ್ನು ಯಾರೂ ಕರೆಯುವುದಿಲ್ಲ ಎಂಬ ಯೋಚನೆ. ಇಷ್ಟೇ ತಾನು ಎಂದು ಅಸಹ್ಯವಾಯಿತು. ಒತ್ತಿದ.

ನಾಲ್ಕು ನಿಮಿಷಕ್ಕೆ ಮ್ಯಾನೇಜರ್ ಫೋನ್ ಮಾಡಿದರು. “ನನಗೊಂದು ಮಾತು ಹೇಳಿ ಕಳಿಸಬಾರದಿತ್ತಾ? ಮೂರು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲ. ಬಂದಿಲ್ಲ ಅಂದ್ರೆ ಏನರ್ಥ ಹೇಳಿ?”

“ಇನ್ನೂ ಬಂದಿಲ್ಲ ಅಂತ.”

“ತೆಗೀರಿ ಅಂದಿದ್ದು ನಾನೇ ಇರಬಹುದು. ತೆಗೆದದ್ದು ನೀವು. ನನಗೆ ಈ ಬೆಸುಗೆಗಿಸುಗೆ ಗೊತ್ತಾಗಲ್ಲ, ನಿಮಗೆ ಗೊತ್ತಾಗುತ್ತೆ ಅಂತಲೇ ನಿಮ್ಮನ್ನ ಇಟ್ಕೊಂಡಿರೋದು.”

“ಹೌದು ಸರ್. ತೆಗೆದದ್ದು ನಾನೇ,” ಎಂದ. ವಾದಿಸಬಹುದಿತ್ತು. ಆದರೆ ಆ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂಬುದು ಅವನಿಗೆ ಆಶ್ಚರ್ಯವಾಗಿ ಕಂಡಿತು.

ಆಮೇಲಿನದು ಅವನು ಹೆದರಿದಷ್ಟು ಕೆಟ್ಟದಾಗಲಿಲ್ಲ, ಬೇರೆ ರೀತಿಯಲ್ಲಿ ಕೆಟ್ಟದಾಯಿತು. ಯಾರೂ ಕೂಗಾಡಲಿಲ್ಲ. ರುಜು ಹಾಕುವ ಅಧಿಕಾರ ತೆಗೆದು ಕೆಳಗಿನ ಮಹಡಿಯಲ್ಲಿ ಒಂದು ಮೇಜು ಕೊಟ್ಟರು. ಚಹಾದ ಹೊತ್ತಿಗೆ ಅವನು ಬಂದರೆ ಮಾತು ಕ್ರಿಕೆಟ್ಟಿಗೆ ಹೊರಳುತ್ತಿತ್ತು. ಆ ಬಾಯ್ಲರ್ ಹೆಂಗಸಿಗೆ ಲೆಕ್ಕದ ಹಾಳೆಯನ್ನೂ, ಜೊತೆಗೆ ಎರಡು ಸಾಲನ್ನೂ ಕಳಿಸಿದ. ‘ಸಿಕ್ಕಿತು, ಮೂರು ಬದಿಯ ಬೆಸುಗೆ ಎಂದರೆ ನನಗೆ ಬಂದ ಉತ್ತರವೂ ಅದೇ’ ಎಂದು ಮಾತ್ರ ಅವಳಿಂದ ಬಂತು. ಅವನು ಅದನ್ನು ಬಹಳ ಸಲ ಓದಿದ. ಮನೆಯಲ್ಲಿ ಅಕ್ಕ ಮಾತು ಬಿಡಲಿಲ್ಲ, ತಮಾಷೆ ಬಿಟ್ಟಳು. ಇನ್ನೂರ ಹನ್ನೆರಡು ಯಂತ್ರಗಳು ಬೇರೆ ಬೇರೆ ಮನೆ, ಆಸ್ಪತ್ರೆಗಳಲ್ಲಿದ್ದವು. ಎಲ್ಲವನ್ನೂ ಪರೀಕ್ಷಿಸಿ ಬುಡಕ್ಕೆ ದಪ್ಪ ತಗಡಿನ ಮೂಲೆಪಟ್ಟಿ ಹಾಕಬೇಕೆಂದು ತೀರ್ಮಾನವಾಯಿತು. ಆ ಕೆಲಸಕ್ಕೆ ಹೊರಟ ಹಿರಿಯ ಫಿಟ್ಟರ್ ಜೊತೆ ತಾನೂ ಹೋಗುತ್ತೇನೆಂದು ಅವನೇ ಕೇಳಿಕೊಂಡ. “ನಿಮಗ್ಯಾಕೆ ಸರ್ ಈ ಮನೆಮನೆ ಸುತ್ತೋ ಪಾಡು,” ಎಂದ ಫಿಟ್ಟರ್. ಆದರೆ ತನ್ನ ಚೀಲದ ಒಂದು ಹಿಡಿಯನ್ನು ಇವನ ಕೈಗೆ ಕೊಟ್ಟ.

ಹದಿನೇಳನೆಯ ಮನೆ ಒಬ್ಬ ಗಡಿಯಾರ ರಿಪೇರಿಯವನದು. ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಕೋಣೆಯಲ್ಲಿ ಮಂಚ, ಮಂಚದ ಮೇಲೆ ಅವನ ಹೆಂಡತಿ. ದೊಡ್ಡ ಮೈಯ ಹೆಂಗಸು, ಕೈಗಳು ಮಾತ್ರ ಚುರುಕು, ಹೊದಿಕೆಯ ಮೇಲೆ ತಟ್ಟೆ ಇಟ್ಟುಕೊಂಡು ಹೂಕೋಸು ಬಿಡಿಸುತ್ತಿದ್ದಳು. ನಿಲ್ಲಿಸಬೇಕೆಂದು ಕಂಪನಿಯ ಪತ್ರ ಬಂದಿದ್ದರೂ ಅವರು ಯಂತ್ರವನ್ನು ಬಳಸುತ್ತಲೇ ಇದ್ದರು. “ಬೇರೆ ದಾರಿ ಏನಿದೆ ಹೇಳಿ?” ಎಂದ ಗಂಡ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆ. ಫಿಟ್ಟರ್ ಬಣ್ಣ ಕೆರೆದು, ಬೆಸುಗೆಯ ಮೇಲೆ ಬಿರುಕು ತೋರಿಸುವ ದ್ರಾವಣ ಸಿಂಪಡಿಸಿ, ಒರೆಸಿ, ಬಿಳಿ ಪುಡಿ ಹಾಕಿ ಕಾದ. ಐದು ನಿಮಿಷಕ್ಕೆ ಪುಡಿಯ ಮೇಲೆ ಗೆರೆಯೊಂದು ಮೂಡಿತು, ಹೆಬ್ಬೆರಳಿನಷ್ಟು ಉದ್ದ, ಮೂಲೆಯಿಂದ ಹೊರಟು ಬದಿಗೆ ಬಾಗಿ. ಅದುವರೆಗಿನ ಹದಿನಾರು ಮನೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಸುಮ್ಮನೆ ಊರೆಲ್ಲ ಹೆದರಿಸಿದೆನೇ ಎಂದು ಅವನು ಒಳಗೊಳಗೇ ಕುದಿಯುತ್ತಿದ್ದ. ಗೆರೆ ಕಂಡ ಕೂಡಲೇ ಅವನಿಗೆ ಮೊದಲು ಆದದ್ದು ಸಮಾಧಾನ. ಆ ಸಮಾಧಾನವನ್ನು ಮಂಚದ ಮೇಲಿನ ಹೆಂಗಸು ನೋಡಿಬಿಟ್ಟಳೇನೋ ಎಂದು ಬೆಚ್ಚಿ ಕಣ್ಣು ತಗ್ಗಿಸಿದ. ಇನ್ನು ಬಳಸಬಾರದೆಂದು ಫಿಟ್ಟರ್ ಕಂಬಕ್ಕೆ ಹಳದಿ ಪಟ್ಟಿ ಸುತ್ತಿದ. ಗಡಿಯಾರದವನು ಬಗ್ಗಿ, ತನ್ನ ಭೂತಗನ್ನಡಿಯಲ್ಲೇ ಆ ಬಿರುಕನ್ನು ಬಹಳ ಹೊತ್ತು ನೋಡಿದ. ಕೂದಲಿಗಿಂತ ಸಣ್ಣದನ್ನು ನೋಡಿಯೇ ಬದುಕುವ ಕಣ್ಣು ಅದು.

“ಇದರ ಲೆಕ್ಕ ಹಾಕಿದ್ದು ಯಾರು?” ಎಂದ.

ಫಿಟ್ಟರ್ ಚೀಲದಲ್ಲಿ ಏನೋ ಹುಡುಕತೊಡಗಿದ.

“ನಾನು.”

ಮುಂದಿನ ಕೋಣೆಯ ಗಡಿಯಾರಗಳ ಸದ್ದು ಆಗ ಕೇಳಿಸಿತು, ಒಂದಕ್ಕೊಂದು ಹೊಂದದ ಹತ್ತಾರು ಸದ್ದು. ಗಡಿಯಾರದವನು ಭೂತಗನ್ನಡಿ ತೆಗೆದು ಇವನ ಮುಖ ನೋಡಿದ. ಹೊಡೆಯುತ್ತಾನೆ ಎಂದು ಇವನು ಅಂದುಕೊಂಡ, ಹೊಡೆಯಲಿ ಎಂದೂ ಅಂದುಕೊಂಡ. ಅಷ್ಟರಲ್ಲಿ ಹೆಂಗಸು ಹೂಕೋಸಿನ ತಟ್ಟೆ ಪಕ್ಕಕ್ಕಿಟ್ಟು, ಗಂಡನಿಗೆ ಮಾತ್ರ ಕೇಳುವಂತೆ ಏನೋ ಹೇಳಿದಳು. ಇವನಿಗೂ ಕೇಳಿಸಿತು. ಅವಳಿಗೆ ಬಚ್ಚಲಿಗೆ ಹೋಗಬೇಕಿತ್ತು, ಇವರು ಬಂದಾಗಿನಿಂದ ತಡೆದುಕೊಂಡಿದ್ದಳು.

ಗಂಡ ಹಳದಿ ಪಟ್ಟಿಯನ್ನು ನೋಡಿದ, ಮಂಚವನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. “ಆ ಕಡೆ ಹಿಡ್ಕೊಳ್ಳಿ,” ಎಂದ.

“ನಾನಾ?”

“ಮತ್ಯಾರು? ಕಂಕುಳಲ್ಲಿ ಹಿಡೀಬೇಡಿ, ನೋವಾಗುತ್ತೆ. ಬೆನ್ನ ಕೆಳಗೆ ಕೈ ಹಾಕಿ. ಇನ್ನೊಂದು ಕೈ ಮಂಡಿ ಕೆಳಗೆ.”

ಅವನು ಬಗ್ಗಿದ. ಅವಳ ತೋಳು ಅವನ ಕುತ್ತಿಗೆಯ ಸುತ್ತ ಬಂತು, ಬೆಚ್ಚಗೆ, ಹೂಕೋಸಿನ ಹಸಿ ವಾಸನೆ. ಬೆನ್ನಿನ ಕೆಳಗೆ ಅವನ ಕೈ ಹುಗಿದುಹೋಯಿತು. ಎಷ್ಟೋ ವರ್ಷ ತೋಳಿನ ತುದಿಗೆ ಒಂದು ಬಾಣ ಎಳೆದು ಅಂಕಿ ತುಂಬಿದ್ದ, ಆ ಬಾಣಕ್ಕೆ ಉಸಿರಿದೆ, ಅದು ನಾಚುತ್ತದೆ, ಎತ್ತುವವನ ಕೊರಳಿಗೆ ಜೋತುಬಿದ್ದು ಕಣ್ಣು ಮುಚ್ಚಿಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ. ಸೊಂಟ ಚುಳಕ್ಕೆಂದಿತು. ಮೂವರೂ ಒಂದು ಹೆಜ್ಜೆ ತೂರಾಡಿ ನಿಂತರು.

“ಭಾರ ಇದೀನಿ,” ಎಂದಳು ಅವಳು, ಕಣ್ಣು ತೆರೆಯದೆ.

ಇಲ್ಲ ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಹೌದು,” ಎಂದ. “ಗಟ್ಟಿಯಾಗಿ ಹಿಡ್ಕೊಳ್ಳಿ.”